ಮೂವತ್ತು ಮೈಲಿ ವೇಗದ ದೊಡ್ಡಳಿಯ

ನನಗೆ ಮೋಟಾರು ಓಡಿಸಲು ಬರುತ್ತದೆಂಬ ವಿಷಯದಲ್ಲಿ ಆ ಬುಧವಾರ ಬೆಳಗಿನವರೆಗೆ ಯಾರಿಗೂ ಸಂಶಯವಿರಲಿಲ್ಲ. ನಾನು ಓಡಿಸಿದ್ದನ್ನು ಅಲ್ಲಿಯವರೆಗೆ ಯಾರೂ ನೋಡಿರಲಿಲ್ಲ!

ಹೆಂಡತಿಯ ತಂಗಿಗೆ ಭದ್ರಾವತಿಯಲ್ಲೊಂದು ಸಂಬಂಧ ಕೂಡಿಬಂದಿತ್ತು. "ನೀವು ದೊಡ್ಡಳಿಯಂದ್ರು. ನೀವೇ ಹೋಗಿ ಮಾತು ಮುಗಿಸಿ, ತಾಂಬೂಲ ಬದಲಾಯಿಸ್ಕೊಂಡು ಬನ್ನಿ. ಹನ್ನೆರಡಕ್ಕೆ ರಾಹುಕಾಲ, ಅದರೊಳಗೆ ಆಗ್ಬೇಕು" ಎಂದಿದ್ದರು ಮಾವನವರು. ಆ ಹುಡುಗಿಗೆ ಆಗಲೇ ಎರಡು ಸಂಬಂಧ ತಪ್ಪಿದ್ದವು. ಇದೂ ತಪ್ಪಿದರೆ ನಾನು ಮಾವನ ಮನೆಯ ಕಡೆ ತಲೆಹಾಕುವಂತಿರಲಿಲ್ಲ. ಹಾಗಾಗಿ ಶಿವಮೊಗ್ಗದ ವಕೀಲ ಸ್ನೇಹಿತನ ಮೋಟಾರು ಕೇಳಿ ತಂದೆ.

ಅದು ಯುದ್ಧದ ಕಾಲ. ಪೆಟ್ರೋಲ್ ಸಿಗದೆ ಮೋಟಾರುಗಳ ಬೆನ್ನಿಗೆ ದೊಡ್ಡ ಡಬ್ಬ ಕಟ್ಟಿ, ಅದರಲ್ಲಿ ಇದ್ದಿಲು ಉರಿಸಿ, ಆ ಗ್ಯಾಸಿನಿಂದ ಓಡಿಸುತ್ತಿದ್ದರು. ಸ್ನೇಹಿತ ಹಿಂದಿನ ಸೀಟಿನಲ್ಲಿ ಒಂದು ಮೂಟೆ ಇದ್ದಿಲು ಇಟ್ಟಿದ್ದ. ಭಾರ ತಗ್ಗಿದರೆ ವೇಗ ಹೆಚ್ಚುತ್ತದೆ ಎಂಬ ವಿಜ್ಞಾನ ನನಗೆ ಗೊತ್ತಿತ್ತು. ಮೂಟೆಯನ್ನು ನಮ್ಮ ಮನೆಯ ಜಗುಲಿಯ ಮೇಲೆ ಇಳಿಸಿದೆ! ಹೆಂಡತಿ ಸಾವಿತ್ರಿಯ ತಾಂಬೂಲದ ಬುಟ್ಟಿಯನ್ನೂ ಇಳಿಸಹೋದವನು ಅವಳ ಮುಖ ನೋಡಿ ಸುಮ್ಮನಾದೆ.

ರಸ್ತೆಗೆ ಬಿದ್ದ ಮೇಲೆ ಗೊತ್ತಾಯಿತು, ಒಂದೇ ಮೋಟಾರಿನಲ್ಲಿ ನಮ್ಮಿಬ್ಬರದು ಬೇರೆ ಬೇರೆ ಪ್ರಯಾಣ. ಮರಗಳು ಹಿಂದಕ್ಕೆ ಓಡಬೇಕು, ಎದುರಿನ ಎತ್ತುಗಳು ಬೆದರಿ ಬದಿಗೆ ಸರಿಯಬೇಕು, ಆಗಲೇ ನನಗೆ ಮೈ ಜುಮ್ಮೆನ್ನುವುದು. ಅವಳಿಗೋ, ಕಂಡಕಂಡಲ್ಲಿ ಇಳಿದು, ಗುರುತಿಲ್ಲದವರ ಮನೆ ಸಮಾಚಾರವನ್ನೆಲ್ಲ ಕೇಳಬೇಕು.

"ರೀ, ನಿಲ್ಸಿ! ಆ ಕುಲುಮೆ ಹತ್ರ ಗಾಡಿ ಗಾಲಿಗೆ ಕಬ್ಬಿಣದ ಪಟ್ಟಿ ಹಾಕ್ತಿದಾರೆ. ಕೆಂಪಗೆ ಕಾದಿದೆ ನೋಡಿ! ನೀರು ಹೊಯ್ಯೋದು ನೋಡ್ಬೇಕು, ಒಂದೇ ನಿಮಿಷ!"

"ಮೂವತ್ತು ಮೈಲಿ ವೇಗದಲ್ಲಿದ್ದೀನಿ ಮಾರಾಯ್ತಿ! ಕಮ್ಮಾರನ್ನ ನೋಡೋದಕ್ಕೆ ಯಾರಾದ್ರೂ ಮೋಟಾರು ನಿಲ್ಲಿಸ್ತಾರಾ?"

ಗತ್ತಿನಿಂದ ಮುಂದೆ ಹೋದೆ. ಒಂದು ಮೈಲಿ. ಮೋಟಾರು ಎರಡು ಸಲ ಕೆಮ್ಮಿ ನಿಂತಿತು. ಡಬ್ಬದ ಮುಚ್ಚಳ ತೆಗೆದೆ. ಒಳಗೆ ಬರೀ ಬೂದಿ! ಗುಪ್ಪೆಂದು ಎದ್ದ ಮಸಿ ನನ್ನ ಮುಖ, ಜರಿ ಶಲ್ಯ, ಬಿಳಿ ಪಂಚೆ, ಯಾವುದನ್ನೂ ಬಿಡಲಿಲ್ಲ.

"ಇದ್ದಿಲ ಮೂಟೆ ಎಲ್ರೀ?"

"ಜಗುಲಿ ಮೇಲೆ."

ಅವಳು ಬುಟ್ಟಿಯ ಮೇಲೆ ಬಿದ್ದ ಮಸಿಯನ್ನು ಸೆರಗಿನಿಂದ ಒರೆಸತೊಡಗಿದಳು. ಬೈದಿದ್ದರೆ ಎಷ್ಟೋ ನೆಮ್ಮದಿಯಾಗುತ್ತಿತ್ತು. ಹತ್ತಿರದಲ್ಲಿ ಇದ್ದಿಲು ಇದ್ದದ್ದು ಅದೇ ಕಮ್ಮಾರನ ಬಳಿ. ಪಂಚೆ ಎತ್ತಿಕಟ್ಟಿ ಬಿಸಿಲಲ್ಲಿ ಹಿಂದಕ್ಕೆ ನಡೆದೆ. ಅರ್ಧ ದಾರಿಯಲ್ಲಿ ಹೊಸ ಪಟ್ಟಿಯ ಗಾಡಿ ಎದುರಾಗಿ ದಾಟಿ ಹೋಯಿತು. ಸ್ವಲ್ಪ ಹೊತ್ತಿಗೆ ತಿರುಗಿ ನೋಡಿದರೆ ಸಾವಿತ್ರಿ ಬುಟ್ಟಿ ಸಮೇತ ಅದನ್ನು ಹತ್ತುತ್ತಿದ್ದಳು. ಗಾಡಿಯವನ ಹೆಂಡತಿಯ ಜೊತೆ ಆಗಲೇ ಮಾತು ಶುರು!

"ಆಗ್ಲೇ ಭರ್ರಂತ ಹೋದೋರು ನೀವೇ ಅಲ್ವಾ ಸ್ವಾಮಿ?" ಎಂದು ಕೇಳಿ ಕಮ್ಮಾರ ಒಂದು ಬುಟ್ಟಿ ಇದ್ದಿಲನ್ನು ನನ್ನ ತಲೆಯ ಮೇಲಿಟ್ಟ.

ಅದನ್ನು ಹೊತ್ತು ತಂದು, ಡಬ್ಬ ಹೊತ್ತಿಸಿ, ಗ್ಯಾಸು ಏಳುವವರೆಗೆ ಕಾದು, ಭದ್ರಾ ಸೇತುವೆ ತಲುಪಿದಾಗ ಒಂದು ಗಂಟೆ. ಸರಿಯಾಗಿ ರಾಹುಕಾಲ. ಮೋಟಾರನ್ನು ಹೊಳೆಗೆ ನೂಕಿ ನಾನೂ ಅದರ ಹಿಂದೆಯೇ ಹೋಗೋಣ ಎನಿಸಿತು.

ಬಾಗಿಲಲ್ಲಿ ಗಂಡಿನ ತಾಯಿ ನಿಂತಿದ್ದರು. "ಏನಪ್ಪಾ ಡ್ರೈವರ್, ಅಮ್ಮಾವ್ರನ್ನ ಎತ್ತಿನ ಗಾಡೀಲಿ ಕಳಿಸಿ ಈಗ ಬರೋದಾ? ಮಾತು ಮುಗೀತು, ತಾಂಬೂಲವೂ ಆಯ್ತು. ನಿಮ್ಮ ಯಜಮಾನ್ರು ಎಲ್ಲಿ?"

ಬಾಯಿ ತೆರೆದೆ. ಸಾವಿತ್ರಿ ಒಳಗಿನಿಂದಲೇ ಹೇಳಿದಳು: "ಅವರು ಒಂದು ಕಡೆ ನಿಲ್ಲೋ ಮನುಷ್ಯರಲ್ಲಮ್ಮ. ಕಚೇರಿ ಕೆಲಸ ಅಂತ ದಾರಿಯಿಂದಲೇ ತಿರುಗಿ ಓಡಿದ್ರು. ಇವನಿಗೆ ಹಿತ್ತಲಲ್ಲಿ ಒಂದು ಲೋಟ ಕಾಫಿ ಕೊಡಿ."

ನನ್ನ ಮಾನ ಉಳಿಸಲು ಬೇರೆ ದಾರಿಯಿರಲಿಲ್ಲವಂತೆ! ಕೊಟ್ಟಿಗೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಕುಡಿದೆ.

ವಾಪಸಾಗುವಾಗ ಅವಳು ಹಿಂದಿನ ಸೀಟಿನಲ್ಲಿ ಕೂತಳು. "ಡ್ರೈವರ್, ಕುಲುಮೆ ಹತ್ರ ನಿಲ್ಸಪ್ಪ" ಎಂದಳು. ನಿಲ್ಲಿಸಿದೆ.

ಮದುವೆಯ ದಿನ ಗಂಡಿನ ತಾಯಿ ನನ್ನನ್ನು ಹುಡುಕಿಕೊಂಡು ಬಂದರು. "ಅವತ್ತಿನ ಆ ಡ್ರೈವರ್‌ನ ಇನ್ನೂ ಇಟ್ಕೊಂಡಿದೀರಾ?"

"ಇಲ್ಲಮ್ಮ, ಅವತ್ತೇ ಬಿಡಿಸಿದೆ."

"ಒಳ್ಳೇದಾಯ್ತು ಬಿಡಿ," ಎಂದರು ಆಕೆ, ನನ್ನ ಮುಖವನ್ನೇ ನೋಡುತ್ತ. "ನೋಡಿದ್ರೇ ಗೊತ್ತಾಗ್ತಿತ್ತು, ಶುದ್ಧ ಪೆದ್ದ."