ಸೇನಾಪತಿಯ ಕಂಕುಳು

ಹೊನ್ನಾವರದಲ್ಲಿ ನನ್ನದೊಂದು ಹೊಲಿಗೆ ಅಂಗಡಿ. ಅಳತೆ ಟೇಪು ಕೊರಳಿಗೆ ಹಾಕಿಕೊಂಡವರಿಗೆ ಒಂದಲ್ಲ ಒಂದು ಫಜೀತಿ ತಪ್ಪುವುದಿಲ್ಲ. ಅದರಲ್ಲೂ ನಾನು ಹುಟ್ಟು ಪುಕ್ಕಲಿ. ಮಾಮೂಲಿ ರವಿಕೆ ಬಟ್ಟೆಗೆ ಕತ್ತರಿ ಹಾಕುವ ಮೊದಲೂ ಮೂರು ಸಲ ಅಳೆದು ನೋಡುತ್ತೇನೆ.

೧. ಕಲ್ಲಿನ ಅಳತೆ

ಕುಮಟಾದ ಕಾಲೇಜೊಂದರ ಇತಿಹಾಸದ ಮಾಸ್ತರರು ಹೋದ ಮಳೆಗಾಲದಲ್ಲಿ ಅಂಗಡಿಗೆ ಬಂದರು. ಅವರೇ ಬರೆದ ನಾಟಕದ ಸೇನಾಪತಿಗೆ ಅಂಗಿ ಬೇಕಿತ್ತು.

“ಥೇಟ್ ರಾಜರ ಕಾಲದ್ದೇ ಆಗಬೇಕು. ಪರದೆ ಏಳುವ ಮೊದಲು ನಿಮ್ಮ ಹೆಸರು ಮೈಕಿನಲ್ಲಿ ಹೇಳಿಸ್ತೇನೆ.”

ರಂಗದ ಮೇಲೆ ಅಂಗಿ ಹರಿದರೆ ಯಾರ ಹೊಲಿಗೆ ಅಂತ ಇಡೀ ಕುಮಟಾಕ್ಕೇ ಗೊತ್ತಾಗುತ್ತದಲ್ಲ!

“ನಮೂನೆ ಎಂತಾದ್ರೂ ಉಂಟಾ ಸರ್?”

ಮೊಬೈಲಿನಲ್ಲಿ ಭಟ್ಕಳದ ಕಡೆಯ ಒಂದು ವೀರಗಲ್ಲಿನ ಫೋಟೊ ತೋರಿಸಿದರು. ದೊಡ್ಡದು ಮಾಡಿ ನೋಡಿದೆ. ಕೈಯಲ್ಲಿ ಕತ್ತಿ ಇತ್ತು, ಕಿವಿಯಲ್ಲಿ ಓಲೆ ಇತ್ತು.

“ಸರ್, ಇಂವ ಅಂಗಿನೇ ಹಾಕಲಿಲ್ಲ!”

ಮಾಸ್ತರರು ಕನ್ನಡಕ ಒರೆಸಿಕೊಂಡು ಹೇಳಿದರು: “ಅಳತೆಗಾದ್ರೂ ಇರಲಿ.”

೨. ಕೈ ಇಳಿಬಿಟ್ಟರೆ ಸರಿ

ಸೇನಾಪತಿಯ ಪಾತ್ರದವ ಮಾವಿನಕುರ್ವೆಯ ಮೀನು ಬೋಟಿನವ, ಮಾಸ್ತರರ ಹಳೆಯ ಶಿಷ್ಯ. ಮಳೆಗಾಲದ ಮೀನುಗಾರಿಕೆ ಬಂದ್ ಇದ್ದಾಗ ಬಂದು ಅಳತೆ ಕೊಟ್ಟು ಹೋದ. ಗುಂಡಿಯಿಲ್ಲದ, ಎದೆಯ ಮೇಲೆ ದಾರ ಕಟ್ಟುವ ಕಸೆ ಅಂಗಿ ಹೊಲಿದೆ. ಹಾಕಿ ನೋಡಲು ಅವನು ಬರುವಷ್ಟರಲ್ಲಿ ಬಂದ್ ಮುಗಿದು, ಎರಡು ತಿಂಗಳು ಬಲೆ ಎಳೆದು ರಟ್ಟೆ, ಭುಜ ಎಲ್ಲ ಉಬ್ಬಿದ್ದವು. ಬೋಟಿನವರ ಅಳತೆಯನ್ನು ಬಂದ್ ಕಾಲದಲ್ಲಿ ತೆಗೆಯಬಾರದು ಅಂತ ನನಗೆ ಆಗಲೇ ಹೊಳೆದದ್ದು.

ಆದರೂ ಕೈ ಇಳಿಬಿಟ್ಟು ನಿಂತಾಗ ಎಷ್ಟು ಚೆಂದ ಕೂತಿತ್ತು!

“ಈಗ ಕತ್ತಿ ಎತ್ತಿದ ಹಾಗೆ ಕೈ ಎತ್ತು” ಎಂದೆ.

ಪರ್ರ್! ಎರಡೂ ಕಂಕುಳ ಹೊಲಿಗೆ ಬಿಟ್ಟಿತು. ನನಗೆ ಅಳುವೇ ಬಂತು.

ಅವನು ಕೈ ಆಡಿಸಿ ನೋಡಿ, “ಈಗ ಆರಾಮ್ ಆತು ಅಕ್ಕ” ಎಂದ.

೩. ಯುದ್ಧ

ಉಳಿದ ಬಟ್ಟೆಯನ್ನೆಲ್ಲ ಕಂಕುಳಿಗೆ ತೇಪೆ ಹಾಕಿ ಎಚ್ಚರಿಸಿದೆ: “ಇನ್ನು ಹರಿದ್ರೆ ಹಾಕೂಕೆ ತುಂಡು ಬಟ್ಟೆನೂ ಇಲ್ಲ. ನನ್ನ ಮರ್ಯಾದೆ ನಿನ್ನ ಕಂಕುಳಲ್ಲಿ ಉಂಟು ಮಾರಾಯ!”

ನಾಟಕದ ದಿನ ಸೂಜಿಗೆ ದಾರ ಪೋಣಿಸಿಕೊಂಡೇ ಮುಂದಿನ ಸಾಲಿನಲ್ಲಿ ಕೂತೆ. ಮೈಕಿನಲ್ಲಿ ನನ್ನ ಹೆಸರು ಕೇಳಿದಾಗ ಸೆರಗನ್ನು ತಲೆಯ ಮೇಲೆ ಎಳೆದುಕೊಂಡೆ. ಯುದ್ಧ ಶುರುವಾಯಿತು. ನಮ್ಮ ಸೇನಾಪತಿ ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು, ಬರೀ ಮಣಿಕಟ್ಟಿನಲ್ಲಿ, ಸೌತೆಕಾಯಿ ಹೆಚ್ಚಿದಂತೆ ಕತ್ತಿ ಆಡಿಸುತ್ತಿದ್ದ.

“ಕೈ ಎತ್ತಾ!” ಎಂದು ಶತ್ರುವೇ ಪಿಸುಗುಟ್ಟಿದ.

ಸೇನಾಪತಿ ಶತ್ರುವನ್ನು ನೋಡಿದ. ತನ್ನ ಕಂಕುಳು ನೋಡಿಕೊಂಡ. ಆಮೇಲೆ ನನ್ನನ್ನು ನೋಡಿದ. ಅವನು ಮೆಲ್ಲಗೆ ಕತ್ತಿ ಕೆಳಗಿಟ್ಟು, “ಶರಣಾದೆ” ಎಂದು ಕೈ ಇಳಿಬಿಟ್ಟು ನಿಂತ.

ಗಡಿಬಿಡಿಯಲ್ಲಿ ಪರದೆ ಎಳೆದರು. ನಾನು ಒಳಗೆ ಓಡಿದೆ. ಮಾಸ್ತರರು ತಲೆಯ ಮೇಲೆ ಕೈ ಹೊತ್ತು ಕೂಗುತ್ತಿದ್ದರು: “ಅದು ನಾವು ಗೆದ್ದ ಯುದ್ಧ ಮಾರಾಯ! ಗೆದ್ದದ್ದು!”

ಸೇನಾಪತಿ ಅವರ ಕಡೆ ತಿರುಗಲೇ ಇಲ್ಲ. ನನ್ನೆದುರು ಬಂದು ನಿಧಾನಕ್ಕೆ ಒಂದು ಸುತ್ತು ತಿರುಗಿ ತೋರಿಸಿದ.

“ಯುದ್ಧ ಹೋದ್ರೆ ಹೋತು ಅಕ್ಕ. ಹೊಲಿಗೆ ಒಂದೂ ಬಿಡಲಿಲ್ಲ, ನೋಡಿ!”