ದೊಡ್ಡ ಕೋರ್ಟಿನಲ್ಲಿ ಕುಬುಸ

ಬರ್ರಿ, ಕಾಲು ಚಾಚಿ ಆರಾಮಾಗಿ ಕೂತು ಕೇಳ್ರಿ. ಕೋರ್ಟು ಅಂದರೆ ಮಂದಿ ಹೆದರುತ್ತಾರೆ. ನಾವು ಹೋದಲ್ಲಿ ಮಾತ್ರ ಏನಾದರೊಂದು ನಗೆಪಾಟಲು ಆಗಿಯೇ ತೀರುತ್ತದೆ. ಫೋನು ಮಡಚಿ ಇಡುತ್ತಿದ್ದ ಕಾಲ. ಹ್ಯೂಸ್ಟನ್ನಿನಲ್ಲಿ ನನ್ನ ಸೊಸೆ "ನಾನು ಬಸುರಿ" ಅಂದ ವಾರವೇ ಕಂಪನಿಯವರು ಕೆಲಸದಿಂದ ತೆಗೆದರು. ಕೆಲಸ ಮರಳಿ ಬೇಕೆಂದು ಆಕೆ ಕೇಸು ಹಾಕಿದಳು.

ಲಾಡು

ಒಂದು ಮಧ್ಯಾಹ್ನ ಸೊಸೆಯ ಫೋನು. "ಅತ್ತಿ, ಕೇಸು ಟೆಕ್ಸಾಸ್ ಕೋರ್ಟಿನಿಂದ ಫೆಡರಲ್ ಕೋರ್ಟಿಗೆ ಹೋತ್ರಿ."

"ಅದು ದೊಡ್ಡದೇನು?"

"ದೊಡ್ಡದರಿ, ಆದ್ರ..."

ಆ 'ಆದ್ರ' ಕೇಳಲು ಪುರುಸೊತ್ತು ಯಾರಿಗಿದೆ? ಕೇಸಿಗೆ ಪ್ರಮೋಷನ್ ಆಯಿತೆಂದು ಬೇಸನ್ ಲಾಡು ಕಟ್ಟಿ ಹ್ಯೂಸ್ಟನ್ನಿನ ಮಗ್ಗುಲಿನ ಮಿಸೌರಿ ಸಿಟಿಯ ನಮ್ಮ ಬೀದಿಗೆಲ್ಲ ಹಂಚಿದೆ. ಸಂಜೆ ಸೊಸೆ ತಲೆ ಹಿಡಿದು ಕೂತಳು. "ಅತ್ತಿ, ಅಲ್ಲಿಗೆ ಎಳಕೊಂಡು ಹೋಗಿದ್ದು ಕಂಪನಿ ವಕೀಲೆ ರೀ!"

ಎದುರು ಪಾರ್ಟಿ ಹಂಚಬೇಕಾದ ಲಾಡು ನಾನು ಹಂಚಿದ್ದೆ.

ಹನ್ನೆರಡು ಮಂದಿ

ನಮ್ಮ ವಕೀಲೆ ಉದ್ದ ಬೂಟಿನ ಟೆಕ್ಸಾಸ್ ಹೆಣ್ಣುಮಗಳು. ಯಾವ ಕೋರ್ಟಾದರೇನು ಅಂತ ಸೊಸೆಯ ಬಾಯಿಂದ ಕೇಳಿಸಿದೆ. ಆಕೆ ಬಿಡಿಸಿ ಹೇಳಿದಳು: ಇದು ಇಡೀ ದೇಶದ ಕಾನೂನಿನ ಕೇಸು ಅಂತ ಕಂಪನಿ, ಬರೀ ಟೆಕ್ಸಾಸ್ ಕಾನೂನಿನದು ಅಂತ ನಾವು. ದೊಡ್ಡ ಕೋರ್ಟಿನ ಜಡ್ಜು ಕಾಗದ ನೋಡಿಯೇ ಮುಗಿಸಿಬಿಡಬಹುದು. ಟೆಕ್ಸಾಸ್ ಕೋರ್ಟಿನಲ್ಲಾದರೆ ಊರಿನ ಹನ್ನೆರಡು ಮಂದಿ ಜ್ಯೂರಿಯಾಗಿ ಕೂತು ಕೇಳಿ ತೀರ್ಪು ಕೊಡುವ ಆಸೆ ಉಂಟು.

"ಹಂಗಾದ್ರ ಸಣ್ಣದ ಇರ್ಲಿ. ಹನ್ನೆರಡು ಮಂದಿಯೊಳಗ ಒಬ್ಬಾಕಿಯಾದ್ರೂ ಹಡದಾಕಿ ಇರ್ತಾಳ!"

ವಕೀಲೆ ನಕ್ಕು ನಾನು ಒಯ್ದಿದ್ದ ಲಾಡಿನ ಡಬ್ಬಿಗೆ ಕೈ ಹಾಕಿದಳು. ಉಳಿದ ಲಾಡಾದರೂ ಸರಿಯಾದ ಪಾರ್ಟಿಗೆ ಹೋಯಿತು.

ಐದನೆಯವಳು

ಕೇಸು ಕುಂಟುತ್ತಿರುವಾಗಲೇ ಮೊದಲ ಕೂಸು ನಡೆಯತೊಡಗಿತು, ಎರಡನೆಯದು ಹೊಟ್ಟೆಯಲ್ಲಿತ್ತು. ಕೆಲಸ ಹೋದ ಸಂಕಟದಲ್ಲಿ ಮೊದಲ ಸಲ ಬಸುರಿಯ ಉಡಿ ತುಂಬುವ ಕುಬುಸ ಮಾಡಿರಲಿಲ್ಲ. ಈ ಸಲ ಬಿಡುವವಳಲ್ಲ ನಾನು. ಕೇಸು ಯಾವ ಕೋರ್ಟಿನದೆಂಬ ವಾದವೂ ಮುಹೂರ್ತದ ದಿನವೇ ಬಂತು. ಕುಬುಸವನ್ನು ಅಲ್ಲೇ ಮಾಡೋಣವೆಂದು ಸೊಸೆಗೆ ಹಸಿರು ಸೀರೆ ಉಡಿಸಿ, ಉಡಿಯ ಸಾಮಾನು ಕಟ್ಟಿಕೊಂಡು ದೊಡ್ಡ ಕೋರ್ಟಿಗೇ ಹೊರಟೆವು. ಬಾಗಿಲಲ್ಲಿ ಪೊಲೀಸಪ್ಪ ನಮ್ಮ ತೆಂಗಿನಕಾಯಿಯನ್ನು ಮೆಷಿನ್ನಿನೊಳಗೆ ಎರಡೆರಡು ಸಲ ತೂರಿಸಿ ನೋಡಿದ.

ಐದು ಮಂದಿ ಮುತ್ತೈದೆಯರು ಬೇಕು. ನೆರೆಯ ಮೂವರು, ನಮ್ಮ ವಕೀಲೆ ಸೇರಿ ನಾಲ್ಕು. ಐದನೆಯಾಕೆ ಆಚೆ ಕೇಟಿ ಊರಿನಿಂದ ಬರುತ್ತ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದಳು. ಕೋರ್ಟಿನ ಪಡಸಾಲೆಯಲ್ಲಿ ಮದುವೆಯ ಉಂಗುರ ಕಂಡದ್ದು ಇನ್ನೊಬ್ಬಳ ಬೆರಳಲ್ಲಿ ಮಾತ್ರ, ಕಂಪನಿಯ ವಕೀಲೆಯದು.

"ಆಕೀನ್ನ ಕರಿ," ಅಂದೆ.

"ಅತ್ತಿ, ಆಕಿ ನಮ್ಮ ವಿರುದ್ಧ ವಾದ ಮಾಡಾಕಿ ರೀ!"

"ಮಾಡ್ಲಿ ಬಿಡು. ಲಗ್ನ ಆಗೇದಿಲ್ಲೋ?"

ಪಾಪ, ಆಕೆ ಬಂದು ಕುಂಕುಮ ಹಚ್ಚಿಸಿಕೊಂಡು, ಉಡಿಗೆ ಅಕ್ಕಿ ಹಾಕಿ, ಸೊಸೆಯನ್ನು ಹರಸಿದಳು. ಅಷ್ಟರಲ್ಲಿ ಒಳಗೆ ಕೂಗಿದರು. ಜಡ್ಜು ಇಬ್ಬರು ವಕೀಲೆಯರ ಹಣೆಯ ಕುಂಕುಮವನ್ನೂ ನೋಡಿ, "ನಿಮ್ಮಲ್ಲಿ ಕಂಪನಿ ಕಡೆಯವರು ಯಾರು?" ಅಂದ. ವಾದ ಕೇಳಿ, ಟೆಕ್ಸಾಸ್ ಕಾನೂನಿನ ಕೇಸು ಟೆಕ್ಸಾಸ್ ಕೋರ್ಟಿಗೇ ಅಂತ ವಾಪಸು ಕಳಿಸಿದ.

ಹನ್ನೆರಡು ಮಂದಿಯ ಮುಂದೆ ನಿಲ್ಲಲು ಕಂಪನಿಗೆ ಧೈರ್ಯ ಸಾಲಲಿಲ್ಲ. ಸೊಸೆಯನ್ನು ಮರಳಿ ಕರೆಯಿತು. ಈಗ ಆಕೆ ಅಲ್ಲೇ ಮ್ಯಾನೇಜರು. ಅಂದು ಹೊಟ್ಟೆಯಲ್ಲಿದ್ದ ಮೊಮ್ಮಗಳು ಆಸ್ಟಿನ್ನಿನಲ್ಲಿ ಓದುತ್ತಾಳೆ. ಕೇಟಿಯಾಕೆ ಈಗಲೂ ಎಲ್ಲಿಗೆ ಕರೆದರೂ ತಡ. ಕಂಪನಿಯ ವಕೀಲೆ ಮುಂದೆ ತಾನೂ ಬಸುರಾದಳು, ಅವಳ ಆಫೀಸಿನವರೂ ಅವಳನ್ನು ತೆಗೆದರು. ನೆಟ್ಟಗೆ ನಮ್ಮ ವಕೀಲೆಯ ಹತ್ತಿರವೇ ಬಂದಳಂತೆ.

"ಯಾವ ಕೋರ್ಟಿಗೆ ಹಾಕೋಣ?" ಅಂತ ನಮ್ಮಾಕೆ ಕೇಳಿದಳು.

ಆಕೆ ಅಂದಳಂತೆ, "ಸಣ್ಣದಕ್ಕೇ ಹಾಕು. ದೊಡ್ಡದಕ್ಕೆ ನಾನು ಕುಬುಸಕ್ಕೆ ಮಾತ್ರ ಬರ್ತೀನಿ."