ಬೇಸ್‌ಮೆಂಟಿನ ಗರಡಿ ಮನೆ

ನನ್ನ ಸೋದರಮಾವನನ್ನು ಊಟಕ್ಕೆ ಕರೆಯುವ ಧೈರ್ಯ ನಿಮಗಿದ್ದರೆ, ಮೊದಲು ಟೀವಿ ಆರಿಸಿಬಿಡಿ! ಅಮೆರಿಕದ ಫುಟ್‌ಬಾಲ್ ಕಣ್ಣಿಗೆ ಬಿತ್ತೋ, ಮುಗಿಯಿತು. "ಹೆಲ್ಮೆಟ್ ಹಾಕ್ಕೊಂಡು ಆಡೂದೂ ಒಂದು ಆಟೇನು? ನಮ್ಮ ಕಡೆ ಪೈಲ್ವಾನರು ಬರೇ ಲಂಗೋಟಿ ಮ್ಯಾಲೆ ಅಖಾಡಕ್ಕ ಇಳೀತಿದ್ರು!" ಹೀಗೆ ಶುರುವಾಗುವ ಕರ್ನಾಟಕದ ಕುಸ್ತಿಯ ಇತಿಹಾಸ ಪಾಯಸ ತಣ್ಣಗಾದರೂ ಮುಗಿಯುವುದಿಲ್ಲ. ಕಾರಿನ ಬ್ರೇಕುಗಳನ್ನು ವಿನ್ಯಾಸ ಮಾಡಿ ನಿವೃತ್ತರಾದ ಎಂಜಿನಿಯರ್ ಅವರು. ಬಾಯಿಗೊಂದು ಬ್ರೇಕ್ ಹಾಕಿಕೊಳ್ಳುವುದನ್ನು ಮಾತ್ರ ಕಲಿಯಲೇ ಇಲ್ಲ!

ಹೋದ ವರ್ಷ ಅಮೆರಿಕದ ಫಾರ್ಮಿಂಗ್ಟನ್ ಹಿಲ್ಸ್‌ನ ತಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಗರಡಿ ಮನೆಯನ್ನೇ ಕಟ್ಟಿದರು. ಕೆಂಪು ಮಣ್ಣು ಸುರಿದು, ಅದಕ್ಕೆ ಎಣ್ಣೆ, ಅರಿಸಿನ, ನಿಂಬೆರಸ, ಮಜ್ಜಿಗೆ ಬೆರೆಸಿದರು. ಮಣ್ಣು ಹದವಾಗುವುದೇ ಹಾಗಂತೆ! ಹೀಟರ್ ಹಾಕಿದ್ದೇ ತಡ, ಹುಳಿ ವಾಸನೆ ಮಹಡಿ ಹತ್ತಿತು.

"ನಿಮ್ಮ ಮಾವಗ ಏನಾರ ಹೇಳವಾ," ಎಂದು ಅತ್ತೆ ಫೋನಿನಲ್ಲಿ ಗೋಳಾಡಿದರು. "ಮಜ್ಜಿಗಿ ನನ್ನ ಅನ್ನಕ್ಕಿಲ್ಲ, ಅವರ ಮಣ್ಣಿಗೆ ಬೇಕಂತ!"

ಹೇಳಿ ನೋಡಿದೆ. "ಅದು ವಾಸನಿ ಅಲ್ಲ, ಸಂಸ್ಕೃತಿ!" ಎಂದರು ಮಾವ. ಹೊರಗೆ ನೀರು ಕಲ್ಲಾಗುವಂಥ ಹತ್ತು ಡಿಗ್ರಿ ಫ್ಯಾರನ್‌ಹೀಟ್ ಇದ್ದರೂ ಅತ್ತೆ ಕಿಟಕಿ ತೆಗೆದು ಸಂಸ್ಕೃತಿಯನ್ನು ಹೊರಗೆ ಬಿಟ್ಟರು.

ಶಿಷ್ಯರೋ? ಒಬ್ಬರೂ ಬರಲಿಲ್ಲ. ಪೈಪ್ ರಿಪೇರಿಗೆ ಬಂದ ಪ್ಲಂಬರನ ಮುಂದೆ ಮಾವ ತೊಡೆ ತಟ್ಟಿ ನಿಂತರು. ಆತ ತನ್ನ ಸಾಮಾನಿನ ಪೆಟ್ಟಿಗೆಯನ್ನೂ ಬಿಟ್ಟು ಓಡಿದ!

ಅಷ್ಟರಲ್ಲಿ ಪಕ್ಕದ ರಾಜ್ಯಗಳಾಚೆ ಸ್ಕೋಕಿ ಎಂಬ ಊರಿನ ನಮ್ಮ ಮನೆಗೇ ಗ್ರಹಚಾರ ವಕ್ಕರಿಸಿತು. ನನ್ನ ಹದಿನಾಲ್ಕರ ಮಗಳು ಶಾಲೆಯ ರೆಸ್ಲಿಂಗ್ ಟೀಮ್ ಸೇರಿದಳು. ಕೈಕಾಲು ಮುರಿದುಕೊಂಡರೆ ಎಂದು ನನಗೆ ಭಯ. "ಅಜ್ಜನಿಗೆ ಮಾತ್ರ ಹೇಳಬೇಡ," ಎಂದೆ. ಅವಳು ಮೊದಲು ಫೋನ್ ಮಾಡಿದ್ದೇ ಮಾವನಿಗೆ! ಅಂದಿನಿಂದ ವಾರ ಬಿಟ್ಟು ವಾರ ಮಾವ ಮುನ್ನೂರು ಮೈಲಿ ಡ್ರೈವ್ ಮಾಡಿ ಬಂದು, ನಮ್ಮ ಕಾರ್ಪೆಟ್ ಮೇಲೆ ಪಟ್ಟು ಹೇಳಿಕೊಡತೊಡಗಿದರು. ಕಾಫಿ ಟೇಬಲ್ಲಿನ ಒಂದು ಕಾಲು ವೀರಮರಣ ಹೊಂದಿತು.

"ಹುಡುಗಿಗೆ ಇದೆಲ್ಲ ಯಾಕೆ ಮಾವ?" ಎಂದು ರೇಗಿದೆ. ಎಲ್ಲದಕ್ಕೂ ಭಾಷಣ ಬಿಗಿಯುವ ಮನುಷ್ಯ, ಅವತ್ತು ಮುರಿದ ಟೇಬಲ್ ಕಾಲಿಗೆ ಅಂಟು ಹಚ್ಚುತ್ತ ಕೂತರು.

ಮೊದಲ ಪಂದ್ಯದಲ್ಲಿ ಮಗಳು ಒಂದು ನಿಮಿಷವೂ ನಿಲ್ಲಲಿಲ್ಲ. ಬೆನ್ನು ನೆಲಕ್ಕೆ ಹತ್ತಿತು. ಜಿಮ್‌ನ ಮೂಲೆಗೆ ಹೋಗಿ ಅಳುತ್ತ ಕೂತಳು. ಮಾವನ ಭಾಷಣ ಶುರುವಾಗುವುದರೊಳಗೆ ತಡೆಯೋಣವೆಂದು ಓಡಿದೆ. ಅವರಾಗಲೇ ಮೊಣಕಾಲು ಹಿಡಿದುಕೊಂಡು ಅವಳ ಪಕ್ಕ ನೆಲದ ಮೇಲೆ ಕೂತಿದ್ದರು.

"ಐ ವಾಸ್ ಸೋ ಬ್ಯಾಡ್, ಅಜ್ಜಾ."

"ನಿಮ್ಮಮ್ಮನ ಅವ್ವ, ನನ್ನ ತಂಗಿ, ಸಣ್ಣಾಕಿದ್ದಾಗ ಹಿತ್ತಲದಾಗ ನನ್ನ ಮೂರು ಸಲ ಚಿತ್ ಮಾಡಿದ್ಲು," ಎಂದರು ಮಾವ. "ನಮ್ಮಪ್ಪ ನೋಡಿದ್ರು. ಹೆಣ್ಣುಹುಡುಗಿಗೆ ಇದು ಬ್ಯಾಡ ಅಂತ ಆಕೀನ್ನ ಒಳಗ ಕಳಿಸಿದ್ರು. ಆಕಿ ನನಗಿಂತ ಗಟ್ಟಿ ಅದಾಳ, ಆಕಿಗೆ ಕಲಿಸ್ರಿ ಅಂತ ನಾ ಹೇಳಬೇಕಿತ್ತು. ನಾಚಿಕಿ ಆತು. ಹೇಳಲಿಲ್ಲ."

ಮಗಳು ಕಣ್ಣೊರೆಸಿಕೊಂಡಳು. "ತ್ರೀ ಟೈಮ್ಸ್?"

ಅಮ್ಮ ತೀರಿಕೊಂಡು ಆರು ವರ್ಷ. ಅವಳು ಯಾರ ಮುಂದೆಯೂ ದನಿ ಎತ್ತಿದ್ದನ್ನು ನಾನು ಕಂಡಿರಲಿಲ್ಲ. ನಾನೂ ಅವರ ಪಕ್ಕ ನೆಲದ ಮೇಲೆ ಕೂತೆ.

"ಅಮ್ಮ ಯಾವ ಪಟ್ಟು ಹಾಕಿದ್ದಳು ಮಾವ?" ಎಂದೆ. "ಸ್ವಲ್ಪ ತೋರಿಸಿ."